ಯೋಜನೆಯ ಹೊತ್ತಿಗೆ ಯಾರಿಗಾಗಿ?

ವಿಶ್ವವಿದ್ಯಾನಿಲಯವೊಂದು ಮುಂದಿನ ವರ್ಷಗಳಲ್ಲಿ ಏನನ್ನು ಸಾಧಿಸಬೇಕು, ಅದಕ್ಕೆ ಹಣವೆಲ್ಲಿಂದ, ಅಧ್ಯಾಪಕರೆಲ್ಲಿಂದ ಎಂಬುದನ್ನು ನಿರೂಪಿಸುವ ಹೊತ್ತಿಗೆಗೆ ದೂರದೃಷ್ಟಿ ಯೋಜನೆಯೆಂದು ಹೆಸರು. ಇದು ಕುಲಪತಿ, ಕುಲಸಚಿವರ ಕಚೇರಿಯ ಸಂಗತಿ, ಗೃಹಸ್ಥರಾದ ನಮಗೇಕೆಂದು ವಾಚಕರು ಕೇಳಬಹುದು. ಹರಿಹರದಿಂದ ದಾವಣಗೆರೆಯನ್ನು ದಾಟಿ ತೋಳಹುಣಸೆಯವರೆಗೆ ಮಗಳನ್ನು ಎಂ.ಎಸ್ಸಿ. ವ್ಯಾಸಂಗಕ್ಕೆ ಕಳುಹಿಸುವ ತಂದೆತಾಯಿಗಳಿಗಲ್ಲದೆ ಅದು ಮತ್ತಾರಿಗೆ ಸಂಬಂಧಿಸೀತು?

ದಾವಣಗೆರೆಯ ಸ್ನಾತಕೋತ್ತರ ಕೇಂದ್ರವು 1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಂಗವಾಗಿ ಆರಂಭವಾಯಿತು. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಉದಯಿಸಿದಾಗ ಅದರ ಆಶ್ರಯಕ್ಕೆ ಬಂದಿತು. ಮೂವತ್ತು ವರ್ಷಗಳ ಕಾಲ ಇಲ್ಲಿ ಯಾವ ವಿಷಯ ಬೋಧಿಸಬೇಕೆಂಬ ನಿರ್ಣಯ ಮೊದಲು ಮೈಸೂರಿನಲ್ಲಿ, ಬಳಿಕ ಶಂಕರಘಟ್ಟದಲ್ಲಿ ಆಗುತ್ತಿದ್ದಿತು. 2009ರಲ್ಲಿ ಶಿವಗಂಗೋತ್ರಿಯ ಆವರಣವೇ ದಾವಣಗೆರೆ ವಿಶ್ವವಿದ್ಯಾನಿಲಯವಾದ ಮೇಲೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಹೊಣೆ ತನ್ನದೇ ಆಯಿತು. ಸ್ವಾತಂತ್ರ್ಯ ಬಂದೊಡನೆ ಪರರನ್ನು ದೂರುವ ಸೌಕರ್ಯ ತಪ್ಪುತ್ತದೆ. ತನ್ನ ಯೋಜನೆಯನ್ನು ತಾನೇ ಬರೆಯಬೇಕಾಗುತ್ತದೆ.

ಇಂತಹ ಯೋಜನೆ ಇರಬೇಕೆಂದು ಕೇಳುವವರೂ ಉಂಟು. 1994ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು, ಅಂದರೆ ನ್ಯಾಕ್, ಆಡಳಿತವನ್ನು ಪರಿಶೀಲಿಸುವಾಗ ಯೋಜನೆ ಇದೆಯೇ, ಅದು ಕಾರ್ಯಗತವಾಗಿದೆಯೇ ಎಂದು ವಿಚಾರಿಸುತ್ತದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವೂ 2024ರಲ್ಲಿ ಸಾಂಸ್ಥಿಕ ಅಭಿವೃದ್ಧಿ ಯೋಜನೆಗೆ ಮಾರ್ಗಸೂಚಿ ಹೊರಡಿಸಿತು. ಕೇಳುವುದು ತಪ್ಪಲ್ಲ. ಆದರೆ ಪರೀಕ್ಷಕರಿಗೆಂದೇ ಬರೆದ ಹೊತ್ತಿಗೆ ಪರೀಕ್ಷಕರು ಹೊರಟೊಡನೆ ಬೀರುವಿಗೆ ಸೇರುತ್ತದೆ. ‘ವಿಶ್ವಮಟ್ಟ’, ‘ಉತ್ಕೃಷ್ಟತೆ’ ಮೊದಲಾದ ಪದಗಳು ಅದರಲ್ಲಿ ಹೇರಳ. ಖಾಲಿ ಇರುವ ಹುದ್ದೆಗಳ ಲೆಕ್ಕ ಮಾತ್ರ ವಿರಳ.

ಭವಿಷ್ಯ ನುಡಿಯುವುದು ಯೋಜನೆಯ ಉದ್ದೇಶವಲ್ಲ, ಅದಕ್ಕೆ ಪಂಚಾಂಗವಿದೆ! ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷಗಳ ಪದವಿ ಪದ್ಧತಿ ಬಂದಿತು. 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ಇಂತಹ ಪಲ್ಲಟವನ್ನು ಯಾವ ಕುಲಪತಿಯೂ ಮೊದಲೇ ಕಾಣಲಾರರು. ಪಠ್ಯಕ್ರಮ ಏನೇ ಆಗಲಿ, ಪ್ರಯೋಗಾಲಯ, ಗ್ರಂಥಾಲಯ, ವಿದ್ಯಾರ್ಥಿನಿಲಯಗಳಲ್ಲಿ ಯಾವುದನ್ನು ಕೈಬಿಡುವುದಿಲ್ಲವೆಂದು ಮುಂಚಿತವಾಗಿ ನಿಶ್ಚಯಿಸುವುದು ಸಾಧ್ಯ. ಹಣ ಸಾಲದಾದಾಗ ಯಾವುದು ಮೊದಲು, ಯಾವುದು ಬೇಡ ಎಂದು ಹೇಳದ ಯೋಜನೆ ಕೇವಲ ಬಯಕೆಗಳ ಪಟ್ಟಿ. ಹುದ್ದೆ ಮಂಜೂರು ಮಾಡುವ ಅಧಿಕಾರ ಸರ್ಕಾರದ್ದು ನಿಜ. ಆದರೆ ಯಾವ ವಿಭಾಗಕ್ಕೆ ಎಷ್ಟು ಜನ ಬೇಕೆಂಬ ಸಕಾರಣವಾದ ಬೇಡಿಕೆ ವಿಶ್ವವಿದ್ಯಾನಿಲಯದಿಂದಲೇ ಹೊರಡಬೇಕು.

ಸುತ್ತಣ ನೆಲವನ್ನೂ ಯೋಜನೆ ನೋಡಬೇಕು. ದಾವಣಗೆರೆಯ ಹತ್ತಿಗಿರಣಿಗಳು ಈ ಪ್ರದೇಶದ ಅನೇಕ ಮನೆಗಳಿಗೆ ಅನ್ನ ನೀಡಿದ್ದವು. ಹರಿಹರದಲ್ಲಿ ಲೇತ್ ಯಂತ್ರಗಳನ್ನು ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಹಾಗೆಯೇ. ಗಿರಣಿಗಳ ವೈಭವ ಅಳಿಯಿತು, ಆ ಕಾರ್ಖಾನೆ ಬಾಗಿಲು ಮುಚ್ಚಿತು. ಅಲ್ಲಿ ದುಡಿದವರ ಮೊಮ್ಮಕ್ಕಳು ಇಂದು ಪದವಿ ತರಗತಿಗಳಲ್ಲಿದ್ದಾರೆ. ಅವರು ಕಲಿತದ್ದು ಎಲ್ಲಿ ಉಪಯೋಗಕ್ಕೆ ಬರುವುದೆಂಬ ಪ್ರಶ್ನೆಗೆ ಯೋಜನೆಯಲ್ಲಿ ಒಂದು ಅಧ್ಯಾಯವಾದರೂ ಬೇಡವೇ?

ಆ ಅಧ್ಯಾಯ ಕನ್ನಡದಲ್ಲಿಯೂ ಇರತಕ್ಕದ್ದು. ಅದರ ಪ್ರತಿಯನ್ನು ಸಂಯೋಜಿತ ಕಾಲೇಜುಗಳ ವಾಚನಾಲಯದಲ್ಲಿರಿಸಿ, ಹಿಂದಿನ ವರ್ಷ ನಡೆದುದೆಷ್ಟು, ಉಳಿದುದೆಷ್ಟು ಎಂಬ ಒಂದು ಪುಟದ ಲೆಕ್ಕವನ್ನು ಪ್ರತಿ ಜೂನ್ ತಿಂಗಳಲ್ಲಿ ಅದಕ್ಕೆ ಸೇರಿಸಿದರೆ, ಪ್ರವೇಶಾರ್ಜಿ ಹಿಡಿದು ಬಂದ ಪಾಲಕರು ಮೊದಲು ಅದನ್ನೇ ಓದಿಯಾರು.