ಮನೆ ಕೊಳ್ಳುವ ಮುನ್ನ ಗೋಡೆಯ ಫೋಟೋ ನೋಡಿ

ಮೂವತ್ತನಾಲ್ಕು ವರ್ಷ ಮೇಷ್ಟ್ರ ಕೆಲಸ ಮಾಡಿದೆ. ಅಷ್ಟೂ ವರ್ಷ ಬಾಡಿಗೆ ಮನೆಯೇ. ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಎಂದು ವರ್ಗವಾದ ಕಡೆಯೆಲ್ಲ ಪಾತ್ರೆ ಪಡಗ ಗಂಟು ಕಟ್ಟಿಕೊಂಡು ಹೋದೆವು. ನಿವೃತ್ತಿಯಾದ ಮೇಲೆ ನನ್ನ ಹೆಂಡತಿ ಒಂದೇ ಮಾತು ಹೇಳಿದಳು: ‘ಇನ್ನು ಗಂಟು ಕಟ್ಟೋದು ನನ್ನ ಕೈಲಾಗಲ್ಲ. ಒಂದು ಸ್ವಂತ ಸೂರು ನೋಡ್ರಿ.’

ಹೀಗೆ ಹುಟ್ಟೂರು ಅರಸೀಕೆರೆಯಲ್ಲಿ ಮನೆ ಹುಡುಕಲು ಹೊರಟೆ. ಅರಸೀಕೆರೆ ಎಂದೊಡನೆ ಎಲ್ಲರೂ ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್ ನೆನೆಯುತ್ತಾರೆ. ನಮ್ಮದು ಅದಲ್ಲ. ಹರಪನಹಳ್ಳಿ ತಾಲ್ಲೂಕಿನ, ಉಚ್ಚಂಗಿದುರ್ಗದ ಸೀಮೆಯ ಅರಸೀಕೆರೆ. ಈ ಎರಡು ಅರಸೀಕೆರೆಗಳ ಗೊಂದಲ ಮುಂದೆ ನಮಗೊಂದು ನಗೆಯ ಪ್ರಸಂಗವನ್ನೂ ಕೊಟ್ಟಿತು.

ದಲ್ಲಾಳಿ ಬಂದರು

ಊರಲ್ಲಿ ಮನೆ, ಹೊಲ, ಎತ್ತು ಯಾವುದೇ ವ್ಯಾಪಾರವಿರಲಿ, ಕುದುರಿಸುವವರೊಬ್ಬರು ಇರುತ್ತಾರೆ. ನಮ್ಮ ದಲ್ಲಾಳಿಯೂ ಅಂಥವರೇ. ಯಾವ ಓಣಿಯಲ್ಲಿ ನಲ್ಲಿ ನೀರು ಸಣ್ಣಗೆ ಬರುತ್ತದೆ, ಯಾವ ಮನೆಯ ಹಿತ್ತಿಲಿಗೆ ಮಳೆನೀರು ನುಗ್ಗುತ್ತದೆ, ಎಲ್ಲ ಅವರ ನಾಲಿಗೆಯ ತುದಿಯಲ್ಲಿ. ಮೊದಲ ದಿನವೇ ನಾನು ಅವರ ದಲಾಲಿಯ ಮಾತಾಡಿದೆ. ನೂರಕ್ಕೆ ಒಂದು ರೂಪಾಯಿ, ಅದೂ ನೋಂದಣಿ ಮುಗಿದ ಮೇಲೆ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡೆವು. ಈ ಮಾತು ಕೊನೆಗೆ ಉಳಿದರೆ ಸ್ನೇಹ ಕೆಡುತ್ತದೆ.

ಐದಾರು ಮನೆ ತೋರಿಸಿದರು. ಒಂದು ಎಲ್ಲರಿಗೂ ಹಿಡಿಸಿತು. ಎರಡು ಕೋಣೆ, ನಡುಮನೆ, ಹಿತ್ತಿಲಲ್ಲಿ ಬೇವಿನ ಮರ. ಮನೆಯ ಯಜಮಾನರು ದಾವಣಗೆರೆಯಲ್ಲಿ ನೆಲೆಸಿದ್ದರಿಂದ ಮನೆಗೆ ಬೀಗ ಬಿದ್ದು ವರ್ಷಗಳಾಗಿದ್ದವು. ಹದಿನೆಂಟು ಲಕ್ಷಕ್ಕೆ ಮಾತು ನಿಂತಿತು.

‘ನಾಳೆ ಎರಡು ಲಕ್ಷ ಸಂಚಕಾರ ಕೊಟ್ಟುಬಿಡ್ರಿ ಮೇಷ್ಟ್ರೇ. ಹರಪನಹಳ್ಳಿಯಿಂದ ಇನ್ನೊಂದು ಪಾರ್ಟಿ ಬರೋದೈತಿ’ ಎಂದರು ದಲ್ಲಾಳಿ. ನನಗೂ ಅವಸರವಾಯಿತು. ನಿವೃತ್ತಿಯಲ್ಲಿ ಬಂದ ಹಣ ಬ್ಯಾಂಕಿನಲ್ಲಿತ್ತು. ಮತ್ತೊಮ್ಮೆ ದುಡಿದು ಗಳಿಸುವ ವಯಸ್ಸು ನನ್ನದಲ್ಲ. ಆದರೂ ಕೊಡಲು ಸಿದ್ಧನಾಗಿಬಿಟ್ಟಿದ್ದೆ.

ಮೊಮ್ಮಗಳ ಪ್ರಶ್ನೆ

ಆಗ ದಸರಾ ರಜೆ. ಎಂಟನೇ ತರಗತಿ ಓದುವ ಮೊಮ್ಮಗಳು ಬೆಂಗಳೂರಿನಿಂದ ಬಂದಿದ್ದಳು. ಅವಳೂ ಮನೆ ನೋಡಲು ಬಂದಳು. ನಾವು ಗೋಡೆ ತಟ್ಟಿ, ತಾರಸಿ ಹತ್ತಿ ನೋಡುತ್ತಿದ್ದರೆ ಅವಳು ನಡುಮನೆಯಲ್ಲಿ ಧೂಳು ಹಿಡಿದ ಒಂದು ಫೋಟೋದ ಮುಂದೆ ನಿಂತಿದ್ದಳು. ಅಪ್ಪ, ಅಮ್ಮ, ಚಡ್ಡಿ ಹಾಕಿದ ಒಬ್ಬ ಹುಡುಗ, ಎರಡು ಜಡೆಯ ಒಬ್ಬಳು ಹುಡುಗಿ.

‘ಅಜ್ಜ, ಈ ಹುಡುಗ ಮನೆ ಮಾರೋ ಅಂಕಲ್ ಅಲ್ವಾ? ಹಾಗಾದ್ರೆ ಈ ಹುಡುಗಿ ಯಾರು?’

ನಾನು ದಲ್ಲಾಳಿಯ ಮುಖ ನೋಡಿದೆ. ‘ಅವರಕ್ಕ. ಕೊಟ್ಟೂರು ಕಡೆ ಕೊಟ್ಟಾರ. ಅವರೇನೂ ಕೇಳಲ್ಲ ಬಿಡ್ರಿ. ಖಾತೆ ತಮ್ಮನ ಹೆಸರಲ್ಲೇ ಐತಿ.’

‘ಇದನ್ನ ಮೊದಲೇ ಯಾಕೆ ಹೇಳಲಿಲ್ಲ?’

‘ನೀವು ಕೇಳಲಿಲ್ಲ, ನಾನು ಹೇಳಲಿಲ್ಲ.’

ಅವರ ಮಾತಿನಲ್ಲಿ ಮೋಸವಿರಲಿಲ್ಲ. ದಲ್ಲಾಳಿಯ ಕೆಲಸ ಮಾರುವವರನ್ನೂ ಕೊಳ್ಳುವವರನ್ನೂ ಕೂಡಿಸುವುದು. ವ್ಯಾಪಾರ ಮುಗಿದರಷ್ಟೇ ಅವರಿಗೆ ದುಡ್ಡು. ಹಾಗಾಗಿ ವ್ಯಾಪಾರ ತಡವಾಗುವ ಮಾತನ್ನು ಅವರಾಗಿ ತೆಗೆಯುವುದಿಲ್ಲ. ಕೇಳುವ ಕೆಲಸ ನಮ್ಮದು. ಸಂಚಕಾರ ಕೊಡುವುದನ್ನು ಅಲ್ಲಿಗೇ ನಿಲ್ಲಿಸಿದೆ.

ಒಂದೇ ಮನೆ, ಮೂರು ಜಿಲ್ಲೆ

ಕಾಗದಪತ್ರಗಳ ನಕಲು ತರಿಸಿಕೊಂಡು ನಾನೂ ಮೊಮ್ಮಗಳೂ ಚಾಪೆಯ ಮೇಲೆ ಹರಡಿ ಕೂತೆವು. ತಂದೆ ಜಾಗ ಕೊಂಡ ಹಳೆಯ ಖರೀದಿ ಪತ್ರದಲ್ಲಿ ‘ಬಳ್ಳಾರಿ ಜಿಲ್ಲೆ’ ಎಂದಿತ್ತು. ಮಗನ ಹೆಸರಿಗೆ ಖಾತೆಯಾದಾಗಿನ ಕಾಗದದಲ್ಲಿ ‘ದಾವಣಗೆರೆ ಜಿಲ್ಲೆ’. ಈಗಿನ ಪಂಚಾಯಿತಿ ಕಾಗದದಲ್ಲಿ ‘ವಿಜಯನಗರ ಜಿಲ್ಲೆ’.

‘ಅಜ್ಜ, ಈ ಮನೆಗೆ ಕಾಲಿದೆಯಾ?’ ಎಂದಳು.

ಮನೆ ಇದ್ದಲ್ಲೇ ಇದೆ, ಗಡಿಗಳು ಓಡಾಡಿವೆ ಎಂದೆ. 1953ರವರೆಗೆ ಬಳ್ಳಾರಿ ಸೀಮೆ ಮದ್ರಾಸಿಗೆ ಸೇರಿತ್ತು. ಆ ವರ್ಷ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿ ತಾಲ್ಲೂಕು ಅಲ್ಲಿಗೆ ಹೋಯಿತು. ಆಮೇಲೆ ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ನಮ್ಮ ಕಡೆ ಮನೆ ಕೊಳ್ಳುವವರು ಪತ್ರಗಳಲ್ಲಿ ಜಿಲ್ಲೆಯ ಹೆಸರು ಬೇರೆ ಬೇರೆ ಇದ್ದರೆ ಹೆದರಬೇಕಿಲ್ಲ. ಊರು, ಮನೆ ನಂಬರು, ಅಳತೆ, ಚೆಕ್ಕುಬಂದಿ ಒಂದಕ್ಕೊಂದು ಹೊಂದುತ್ತವೆಯೇ ಎಂಬುದನ್ನು ನೋಡಬೇಕು.

ಚೆಕ್ಕುಬಂದಿ ಎಂದರೆ ಆಸ್ತಿಯ ನಾಲ್ಕು ದಿಕ್ಕಿಗೆ ಏನಿದೆ ಎಂಬ ವಿವರ. ಮೊಮ್ಮಗಳು ಟೇಪು ಹಿಡಿದು ಉದ್ದಗಲ ಅಳೆದಳು. ಅಳತೆ ಸರಿಯಾಗಿತ್ತು. ಆದರೆ ಪೂರ್ವಕ್ಕೆ ‘ಖಾಲಿ ಜಾಗ’ ಎಂದು ಪತ್ರದಲ್ಲಿದ್ದ ಕಡೆ ಈಗ ಮನೆಯೊಂದು ಎದ್ದಿತ್ತು. ಹೊಸ ಪತ್ರದಲ್ಲಿ ಈಗಿರುವುದನ್ನೇ ಬರೆಸಬೇಕು ಎಂದು ಗುರುತು ಹಾಕಿಕೊಂಡೆವು.

ಮುಂದಿನದು ಋಣಭಾರ ಪತ್ರ, ಜನ ‘ಇಸಿ’ ಎನ್ನುತ್ತಾರಲ್ಲ ಅದು. ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನ, ದಾನ ಇದ್ದರೆ ಅದರಲ್ಲಿ ಕಾಣುತ್ತದೆ. ಸರ್ಕಾರದ ಕಾವೇರಿ ಜಾಲತಾಣದಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ಮೊಮ್ಮಗಳು ಮೊಬೈಲ್ ಹಿಡಿದು ಕೂತವಳು ಅರ್ಧ ಗಂಟೆಯಾದರೂ ಏಳಲಿಲ್ಲ. ‘ನಿಮ್ಮ ಊರೇ ಇಲ್ಲ ಅಜ್ಜ!’ ಎಂದಳು. ನೋಡಿದರೆ ಹಾಸನ ಜಿಲ್ಲೆ ಒತ್ತಿ ಅಲ್ಲಿನ ಅರಸೀಕೆರೆಯಲ್ಲಿ ನಮ್ಮ ಮನೆ ಹುಡುಕುತ್ತಿದ್ದಳು! ರೈಲಿನಲ್ಲಿ ಬರುವಾಗ ನೋಡಿದ ಅರಸೀಕೆರೆ ಅವಳಿಗೆ ಗೊತ್ತಿದ್ದದ್ದು. ಎಲ್ಲರೂ ನಕ್ಕೆವು. ಒಂದೇ ಹೆಸರಿನ ಊರುಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ಜಿಲ್ಲೆ, ತಾಲ್ಲೂಕು, ಹೋಬಳಿ ಮೂರನ್ನೂ ನೋಡಿಯೇ ಮುಂದುವರಿಯಬೇಕು.

ಜಾಲತಾಣದಲ್ಲಿ ಸಿಗುವುದು 2004ರಿಂದ ಈಚಿನ ವಿವರ. ಅದಕ್ಕೂ ಹಿಂದಿನದಕ್ಕೆ ಹರಪನಹಳ್ಳಿಯ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆ. 2004ರಿಂದ ಈಚೆಗೆ ಏನೂ ವ್ಯವಹಾರವಿಲ್ಲ ಎಂದು ನಮೂನೆ 16ರಲ್ಲಿ ಬಂತು. ‘ನೋಡ್ರಿ, ಕ್ಲಿಯರ್ ಐತಿ!’ ಎಂದು ದಲ್ಲಾಳಿ ಹಿಗ್ಗಿದರು.

ಇಸಿಯಲ್ಲಿ ಅಕ್ಕ ಕಾಣುವುದಿಲ್ಲ

ಆದರೆ ಆ ಎರಡು ಜಡೆಯ ಹುಡುಗಿ ಇಸಿಯಲ್ಲೂ ಇರಲಿಲ್ಲ, ಖಾತೆಯಲ್ಲೂ ಇರಲಿಲ್ಲ. ಹರಪನಹಳ್ಳಿಯ ಒಬ್ಬ ವಕೀಲರ ಮುಂದೆ ಕಾಗದಗಳನ್ನಿಟ್ಟೆ. ಅವರು ಹೇಳಿದ್ದರ ಸಾರ ಇಷ್ಟು.

ಖಾತೆ ಎನ್ನುವುದು ತೆರಿಗೆ ಯಾರಿಂದ ವಸೂಲು ಮಾಡಬೇಕು ಎಂಬ ಲೆಕ್ಕ. ಅದೇ ಹಕ್ಕುಪತ್ರವಲ್ಲ. ತಂದೆ ಸ್ವಂತ ದುಡಿಮೆಯಲ್ಲಿ ಮಾಡಿದ ಮನೆ, ಉಯಿಲು ಬರೆಯದೆ ತೀರಿಕೊಂಡಿದ್ದಾರೆ, ತಾಯಿಯೂ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಇಂಥ ಮನೆಯಲ್ಲಿ ಮಗನಿಗೂ ಮಗಳಿಗೂ ಸಮಪಾಲು. ಮಗಳಿಗೆ ಮದುವೆಯಾಗಿದೆ ಎಂಬ ಕಾರಣಕ್ಕೆ ಪಾಲು ಹೋಗುವುದಿಲ್ಲ. ಪಿತ್ರಾರ್ಜಿತ ಒಟ್ಟು ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟು ಕರ್ನಾಟಕ 1994ರಲ್ಲಿ, ಇಡೀ ದೇಶಕ್ಕೆ ಅನ್ವಯಿಸುವಂತೆ ಕೇಂದ್ರ 2005ರಲ್ಲಿ ತಿದ್ದುಪಡಿ ಮಾಡಿವೆ.

‘ತಮ್ಮ ಒಬ್ಬರೇ ಸಹಿ ಹಾಕಿದರೆ ನಿಮಗೆ ಬರುವುದು ಅವರ ಅರ್ಧ ಪಾಲು ಮಾತ್ರ. ಹಣ ಪೂರ್ತಿ, ಮನೆ ಅರ್ಧ’ ಎಂದರು ವಕೀಲರು. ನನ್ನ ಎದೆ ಧಸಕ್ಕೆಂದಿತು. ಎರಡು ಲಕ್ಷ ಕೈಬಿಡಲು ಒಂದೇ ರಾತ್ರಿ ಉಳಿದಿತ್ತಲ್ಲ!

ಹಾಗಾದರೆ ಕುಟುಂಬದಲ್ಲಿ ಯಾರು ಯಾರಿದ್ದಾರೆ ಎಂದು ತಿಳಿಯುವುದು ಹೇಗೆ? ಅದಕ್ಕೆ ವಂಶವೃಕ್ಷ ಬೇಕು. ಮನೆಯ ಯಜಮಾನರು ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಅದನ್ನು ತಂದರು. ಅದರಲ್ಲಿ ಅಕ್ಕನ ಹೆಸರು ಸ್ಪಷ್ಟವಾಗಿತ್ತು. ಮೊಮ್ಮಗಳು ಫೋಟೋ ನೆನೆದು, ‘ಇವರೇ ಅವರು’ ಎಂದು ಬೆರಳಿಟ್ಟಳು.

ಕೊಟ್ಟೂರಿನ ದಾರಿ

ಇಲ್ಲಿ ನಮ್ಮ ದಲ್ಲಾಳಿ ನಿಜವಾಗಿ ಉಪಕಾರಕ್ಕೆ ಬಂದರು. ಅಕ್ಕ ಇರುವ ಊರು, ಮನೆ, ಬಸ್ಸು ಎಲ್ಲ ಅವರಿಗೆ ಗೊತ್ತಿತ್ತು. ತಮ್ಮನನ್ನೂ ಒಪ್ಪಿಸಿ, ನಮ್ಮನ್ನು ಜೊತೆಗೆ ಕರೆದುಕೊಂಡು ಹೋದರು.

ಆಕೆಗೆ ಅರವತ್ತರ ಹತ್ತಿರ. ನಮಗೆ ಮಂಡಕ್ಕಿ, ಚಹಾ ಕೊಟ್ಟು ಕೂತು ಎಲ್ಲ ಕೇಳಿಸಿಕೊಂಡರು. ಜಗಳವಾಗುತ್ತದೆಂದು ನಾನು ಹೆದರಿದ್ದೆ. ಆಕೆ ತಮ್ಮನ ಕಡೆ ತಿರುಗಿ ಹೇಳಿದ್ದು ಇಷ್ಟೇ: ‘ಮನೆ ಮಾರ್ತೀಯ ಅಂತ ಊರಿನವರ ಬಾಯಲ್ಲಿ ಕೇಳಿದೆ. ನೀನೊಂದು ಮಾತು ಕೇಳಬಾರದಾಗಿತ್ತೇನಪ್ಪ?’

ತಮ್ಮ ತಲೆ ತಗ್ಗಿಸಿದರು. ಪಾಲಿನ ಲೆಕ್ಕವನ್ನು ಅಕ್ಕ ತಮ್ಮ ತಾವೇ ಕೂತು ಮಾತಾಡಿಕೊಂಡರು. ಅದು ಅವರ ಮನೆಯ ಮಾತು. ನಮಗೆ ಬೇಕಾದದ್ದು ಇಬ್ಬರೂ ಮಾರುವವರಾಗಿ ಪತ್ರಕ್ಕೆ ಸಹಿ ಹಾಕುವುದು. ಆಕೆ ಒಪ್ಪಿದರು.

ಆಮೇಲಿನದು ಸಲೀಸು. ಮುಂಗಡವನ್ನು ಇಬ್ಬರ ಹೆಸರಿಗೂ ಚೆಕ್ಕಿನಲ್ಲಿ ಕೊಟ್ಟು ಕರಾರು ಬರೆಸಿದೆವು. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವಂತಿಲ್ಲ ಎಂದು ಆದಾಯ ತೆರಿಗೆ ಕಾನೂನು ಹೇಳುತ್ತದೆ. ಚೆಕ್ಕಾದರೆ ನಮಗೂ ಸಾಕ್ಷಿ ಉಳಿಯುತ್ತದೆ.

ನೋಂದಣಿಯ ಖರ್ಚನ್ನು ಮೊಮ್ಮಗಳೇ ಲೆಕ್ಕ ಹಾಕಿದಳು. ಮಕ್ಕಳೇ, ನೀವೂ ಹಾಕಿ ನೋಡಿ. ಮುದ್ರಾಂಕ ಶುಲ್ಕ ಶೇ 5. ಆ ಶುಲ್ಕದ ಮೇಲೆ ಶೇ 10 ಸೆಸ್, ಹಳ್ಳಿಯಾದರೆ ಶೇ 3 ಸರ್‌ಚಾರ್ಜ್. ಜೊತೆಗೆ ನೋಂದಣಿ ಶುಲ್ಕ ಶೇ 2. ಇದು ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಏರಿದೆ. ಎಲ್ಲ ಸೇರಿ ನೂರಕ್ಕೆ 7 ರೂಪಾಯಿ 65 ಪೈಸೆ. ಹದಿನೆಂಟು ಲಕ್ಷಕ್ಕೆ 1,37,700 ರೂಪಾಯಿ. ಸರ್ಕಾರದ ಮಾರ್ಗಸೂಚಿ ದರ ನಮ್ಮ ಬೆಲೆಗಿಂತ ಹೆಚ್ಚಿದ್ದರೆ ಅದರ ಮೇಲೆ ಲೆಕ್ಕ. ಮನೆಯ ಬೆಲೆಗೆ ಮಾತ್ರ ಹಣ ಜೋಡಿಸಿಟ್ಟವರು ಇಲ್ಲಿ ಸಿಕ್ಕಿಬೀಳುತ್ತಾರೆ.

ನಮ್ಮಂಥವರಿಗೆ ನಾಲ್ಕು ಮಾತು

• ದಲ್ಲಾಳಿಗೆ ಮೊದಲು ಕೇಳಬೇಕಾದ ಪ್ರಶ್ನೆ ಬೆಲೆ ಎಷ್ಟು ಎಂಬುದಲ್ಲ. ಈ ಮನೆಯಲ್ಲಿ ಹುಟ್ಟಿದವರು ಎಷ್ಟು ಜನ, ಅವರೆಲ್ಲ ಎಲ್ಲಿದ್ದಾರೆ ಎಂಬುದು.

• ಹಳ್ಳಿಯ ಮನೆಗೆ ಪಂಚಾಯಿತಿಯ ಇ-ಸ್ವತ್ತು ನಮೂನೆ 9 ಮತ್ತು 11ಎ ಇದೆಯೇ ನೋಡಿ. 11ಬಿ ಇದ್ದರೆ, ಜಮೀನು ಭೂಪರಿವರ್ತನೆ ಆಗಿದೆಯೇ ಎಂದು ವಕೀಲರಲ್ಲಿ ಕೇಳದೆ ಮುಂದುವರಿಯಬೇಡಿ. ಸರ್ಕಾರ ಮಂಜೂರು ಮಾಡಿದ ಮನೆ, ನಿವೇಶನಗಳನ್ನು ಮಾರಲು ಷರತ್ತುಗಳಿರುತ್ತವೆ, ಅವನ್ನೂ ಕೇಳಿ.

• ಬರೀ ಕರಾರು ಪತ್ರ ಅಥವಾ ಜಿಪಿಎ ಬರೆಸಿಕೊಂಡರೆ ಮನೆ ನಿಮ್ಮದಾಗುವುದಿಲ್ಲ. ಈ ಮಾತನ್ನು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. ಖರೀದಿ ಪತ್ರ ನೋಂದಣಿಯಾಗಲೇಬೇಕು.

• ಪೇಟೆಯಲ್ಲಿ ಹೊಸ ಬಡಾವಣೆಯ ಸೈಟು ಅಥವಾ ಫ್ಲಾಟು ಕೊಳ್ಳುವುದಾದರೆ 2016ರ ರೇರಾ ಕಾಯ್ದೆ ನಿಮ್ಮ ಬೆನ್ನಿಗಿದೆ. 500 ಚದರ ಮೀಟರಿಗಿಂತ ದೊಡ್ಡ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆಗೆ ರೇರಾ ನೋಂದಣಿ ಬೇಕು, ಅದನ್ನು ಮಾರಿಸುವ ದಲ್ಲಾಳಿಗೂ ಬೇಕು. ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ. ನಮ್ಮದರಂಥ ಹಳೆಯ ಒಂಟಿ ಮನೆಗೆ ಈ ರಕ್ಷಣೆ ಇಲ್ಲ. ಅಲ್ಲಿ ನಮ್ಮ ಎಚ್ಚರವೇ ಕಾವಲು.

ಹುಣ್ಣಿಮೆಯ ಅತಿಥಿ

ನೋಂದಣಿಯ ದಿನ ಅಕ್ಕ ತಮ್ಮ ಒಂದೇ ಬಸ್ಸಿನಲ್ಲಿ ಬಂದರು. ಕ್ಯಾಮೆರಾ ಮುಂದೆ ಕೂತು ಬೆರಳಚ್ಚು ಕೊಟ್ಟರು. ಎಲ್ಲ ಮುಗಿದ ಮೇಲೆ ದಲ್ಲಾಳಿಗೆ ಮಾತಾಡಿದ್ದ ಹದಿನೆಂಟು ಸಾವಿರ ಕೊಟ್ಟೆ. ಅವರ ಶ್ರಮಕ್ಕೆ ಅದು ಹೆಚ್ಚಲ್ಲ.

ಕೀಲಿಕೈ ಕೊಡುವ ಮುನ್ನ ಆಕೆ ಮನೆಯೊಳಗೆಲ್ಲ ಒಮ್ಮೆ ಓಡಾಡಿದರು. ನನ್ನ ಹೆಂಡತಿ ಗೋಡೆಯ ಫೋಟೋ ಇಳಿಸಿ, ಧೂಳು ಒರೆಸಿ ಆಕೆಯ ಕೈಗಿಟ್ಟಳು. ‘ಹಿತ್ತಿಲ ಬೇವು ನಾನು ನೆಟ್ಟಿದ್ದು. ಆದರೆ ಕಡಿಸಬೇಡಿ’ ಎಂದರು ಆಕೆ.

ಮೊನ್ನೆ ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗದ ಜಾತ್ರೆಗೆ ಹೊರಟವರು ನಮ್ಮಲ್ಲಿ ಇಳಿದರು. ಬೇವಿನ ನೆರಳಲ್ಲಿ ಕೂತು ಊಟ ಮಾಡಿದರು. ಹೊರಡುವಾಗ ನನ್ನ ಹೆಂಡತಿ ಕುಂಕುಮ ಇಟ್ಟು ಉಡಿ ತುಂಬಿದಳು. ಮಾರಿದ ತವರಿನಿಂದ ಆಕೆ ಬರಿಗೈಯಲ್ಲಿ ಹೋಗಲಿಲ್ಲ.

ಈ ಸಂಗತಿ ಫೋನಿನಲ್ಲಿ ಹೇಳಿದಾಗ ಮೊಮ್ಮಗಳು ಕೇಳಿದಳು: ‘ಅಜ್ಜ, ಅವರ ಸಹಿ ಇಲ್ಲದೆ ಮನೆ ಕೊಂಡಿದ್ರೆ?’

ಆಕೆ ಜಾತ್ರೆಗೆ ಹೋಗುವಾಗ ಈ ಓಣಿಯತ್ತ ತಿರುಗಿಯೂ ನೋಡುತ್ತಿರಲಿಲ್ಲ, ನಾವು ಬಾಗಿಲು ಸದ್ದಾದಾಗಲೆಲ್ಲ ಕೋರ್ಟಿನ ನೋಟಿಸು ಬಂತೇನೋ ಎಂದು ಬೆಚ್ಚುತ್ತಿದ್ದೆವು ಎಂದೆ.