‘ವಾಟರ್‌ಶೆಡ್’ ಎಂದರೆ ನೀರಿನ ಶೆಡ್ಡಲ್ಲ

ಔರಾದ ತಾಲ್ಲೂಕಿನ ಗ್ರಾಮವೊಂದರ ರೈತರ ಸಭೆಯಲ್ಲಿ ಹಿರಿಯರೊಬ್ಬರು, “ಸಾಹೇಬ್ರೆ, ದನಕ್ಕ ಶೆಡ್ ಹಾಕೋದು ಗೊತ್ತದ. ನೀರಿಗಿ ಶೆಡ್ ಎಲ್ಲಿ ಹಾಕ್ತೀರಿ?” ಎಂದು ಕೇಳಿದರು. ಕೆಲವರು ನಕ್ಕರು. ಆದರೆ ಅದು ನಕ್ಕು ಬಿಡುವ ಪ್ರಶ್ನೆಯಲ್ಲ. ಶಬ್ದದ ಅರ್ಥ ತಿಳಿಯದಿದ್ದರೆ ಕೆಲಸವೂ ತಪ್ಪು ಸ್ಥಳದಲ್ಲಿ ಆರಂಭವಾಗುತ್ತದೆ.

‘ವಾಟರ್’ ಎಂದರೆ ನೀರು. ಇಲ್ಲಿಯ ‘ಶೆಡ್’ ತಗಡಿನ ಶೆಡ್ ಅಲ್ಲ. ಬೇರ್ಪಡಿಸು ಎಂಬ ಹಳೆಯ ಅರ್ಥದ ಶಬ್ದ. ಎರಡೂ ಕೂಡಿ, ಮಳೆನೀರು ಎರಡು ಕಡೆಗೆ ಬೇರ್ಪಡುವ ದಿಣ್ಣೆ ಎಂಬುದು ಮೊದಲ ಅರ್ಥ. ಮುಂದೆ ಅಮೆರಿಕದ ಬಳಕೆಯಲ್ಲಿ, ದಿಣ್ಣೆಯಿಂದ ಹಳ್ಳದವರೆಗೆ ನೀರು ಹರಿದು ಒಂದೇ ಕಡೆ ಸೇರುವ ಇಡೀ ಪ್ರದೇಶಕ್ಕೆ ಇದೇ ಹೆಸರಾಯಿತು. ನಮ್ಮ ಇಲಾಖೆಗಳು ಬಳಸುವುದು ಈ ಎರಡನೆಯ ಅರ್ಥದಲ್ಲಿ. ಕನ್ನಡದ ‘ಜಲಾನಯನ’ದಲ್ಲಿಯೂ ಕಣ್ಣೆಂಬ ‘ನಯನ’ವಿಲ್ಲ. ಅದು ಜಲ ಮತ್ತು ಆನಯನ, ಅಂದರೆ ನೀರನ್ನು ತರುವುದು.

ಎರಡೂ ಅರ್ಥಗಳಿಗೆ ಬೀದರ ಜಿಲ್ಲೆಯೇ ಉದಾಹರಣೆ. ಭಾಲ್ಕಿ, ಔರಾದ ಕಡೆಯ ನೀರು ಕಾರಂಜಾ, ಮಾಂಜ್ರಾ ನದಿಗಳ ಮೂಲಕ ಗೋದಾವರಿಗೆ ಸೇರುತ್ತದೆ. ಬಸವಕಲ್ಯಾಣ ಕಡೆಯ ಒಂದು ಭಾಗದ ನೀರು ಮುಲ್ಲಾಮಾರಿಯ ಮೂಲಕ ಕೃಷ್ಣಾ ಕೊಳ್ಳಕ್ಕೆ ಹೋಗುತ್ತದೆ. ನಡುವಿನ ಎತ್ತರ ಮೊದಲ ಅರ್ಥದ ವಾಟರ್‌ಶೆಡ್; ಒಂದೊಂದು ಕಡೆಯ ಭೂಮಿ ಎರಡನೆಯ ಅರ್ಥದ್ದು. ನಿಮ್ಮೂರ ಸಣ್ಣ ನಾಲಾಕ್ಕೂ ಹೀಗೆಯೇ ತನ್ನದೊಂದು ಜಲಾನಯನ ಇರುತ್ತದೆ.

“ನಮ್ಮ ಹೊಲದಾಗ ವಾಟರ್‌ಶೆಡ್ ಕಟ್ಯಾರ” ಎಂದು ಕೆಲವರು ಕೃಷಿಹೊಂಡವನ್ನೋ ಚೆಕ್ ಡ್ಯಾಮನ್ನೋ ತೋರಿಸುವುದುಂಟು. ಅವು ಜಲಾನಯನದೊಳಗಿನ ಕಾಮಗಾರಿಗಳು ಮಾತ್ರ. ಜಲಾನಯನವನ್ನು ಯಾರೂ ಕಟ್ಟುವುದಿಲ್ಲ. ಅದು ಮೊದಲೇ ಇದೆ.

50 ಮಿ.ಮೀ. ಮಳೆಯಾದರೆ ಒಂದು ಎಕರೆಯ ಮೇಲೆ ಸುಮಾರು 2 ಲಕ್ಷ ಲೀಟರ್ ನೀರು ಬೀಳುತ್ತದೆ. ದಿಣ್ಣೆಯ ಮೇಲೆ ಅದನ್ನು ತಡೆಯದೆ ಕೆಳಗೆ ಮಾತ್ರ ಒಡ್ಡು ಹಾಕಿದರೆ ಒಡ್ಡು ಒಡೆಯುತ್ತದೆ, ಹೊಂಡ ಹೂಳಿನಿಂದ ತುಂಬುತ್ತದೆ, ಮೇಲ್ಮಣ್ಣು ಹಳ್ಳ ಸೇರುತ್ತದೆ. ಆದ್ದರಿಂದ ಕೆಲಸ ಮೇಲಿನಿಂದ ಕೆಳಕ್ಕೆ ಸಾಗಬೇಕು:

1. ದಿಣ್ಣೆಯ ಮೇಲೆ ಗಿಡ, ಹುಲ್ಲು ಬೆಳೆಸಿರಿ. ಬೀದರ ನಗರದ ಸುತ್ತಲಿನ ಕೆಂಪು ಜಾಂಬಿಟ್ಟಿಗೆ ಭೂಮಿ ನೀರನ್ನು ಬೇಗ ಇಂಗಿಸಿಕೊಳ್ಳುತ್ತದೆ.

2. ಸೋಯಾ, ತೊಗರಿಗಳನ್ನು ಇಳಿಜಾರಿಗೆ ಅಡ್ಡಲಾಗಿ ಬಿತ್ತಿರಿ.

3. ಆಳವಾದ ಎರೆ ಭೂಮಿಯಲ್ಲಿ ನೀರು ನಿಲ್ಲಿಸುವ ಬದು ಬೇಡ, ಬೆಳೆ ಹಳದಿಯಾಗುತ್ತದೆ. ಬದುವಿಗೆ ಸ್ವಲ್ಪ ಇಳುಕಲು ಕೊಟ್ಟು, ಹೆಚ್ಚಿನ ನೀರನ್ನು ಹುಲ್ಲು ಬೆಳೆದ ಕಾಲುವೆಯಿಂದ ನಿಧಾನವಾಗಿ ಹೊರಬಿಡಿರಿ.

4. ಕೊನೆಗೆ ಕೃಷಿಹೊಂಡ, ನಾಲಾ ಒಡ್ಡುಗಳು.

ಹೊಲಕ್ಕೆ ಪಹಣಿ ಇದೆ, ನೀರಿಗೆ ಪಹಣಿ ಇಲ್ಲ. ಮೇಲಿನ ಹೊಲದವರು ಕೈಜೋಡಿಸದಿದ್ದರೆ ಕೆಳಗಿನವರ ದುಡ್ಡು ನೀರಿನೊಡನೆ ಹರಿದುಹೋದೀತು. ಈ ಮುಂಗಾರಿನಲ್ಲಿ ದೊಡ್ಡ ಮಳೆ ನಿಂತ ಕೂಡಲೇ ನೆರೆಹೊರೆಯವರೊಡನೆ ಹೊಲಕ್ಕೆ ಹೋಗಿ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಯಿತೆಂದು ನೋಡಿರಿ. ನಿಮ್ಮ ವಾಟರ್‌ಶೆಡ್ ಯಾವುದೆಂದು ನಿಮಗೇ ತಿಳಿಯುತ್ತದೆ.