ಲೆಕ್ಕಕ್ಕೆ ಬಾರದ ಬಟ್ಟಲು

ಜೊಂಜು ನಗರದ ಸಾಮ್‌ಚೊನ್-ದೋಂಗ್ ಬಡಾವಣೆಯಲ್ಲಿ ಮಾಕ್ಕೊಲ್ಲಿ ಅಂಗಡಿಗಳದ್ದೇ ಒಂದು ಬೀದಿಯಿದೆ. ನವೆಂಬರಿನ ಚಳಿ. ಗಾಜಿನ ಬಾಗಿಲು ತಳ್ಳಿ ಒಳಹೊಕ್ಕು ನಾವಿಬ್ಬರು ಕೇಳಿದ್ದು ಒಂದು ಕೆಟಲ್ ಮಾಕ್ಕೊಲ್ಲಿ, ಅಷ್ಟೇ. ಅನ್ನ ಹುದುಗಿಸಿ ಮಾಡುವ, ಮಜ್ಜಿಗೆಯಂತೆ ಬೆಳ್ಳಗಿರುವ, ತುಸು ಹುಳಿ ತುಸು ಸಿಹಿಯ ಪಾನೀಯ ಅದು. ಅಲ್ಲಲ್ಲಿ ನೆಗ್ಗಿದ ಹಳದಿ ಕೆಟಲ್ ಮೊದಲು ಬಂತು. ಮೂರು ಬಾಟಲಿ ಹಿಡಿಸುವ ಕೆಟಲ್. ಅದರ ಬೆನ್ನಿಗೇ ಬಟ್ಟಲುಗಳು ಬರತೊಡಗಿದವು.

ಹೆಸರುಕಾಳು ರುಬ್ಬಿ ಹುಯ್ದ ದಪ್ಪ ದೋಸೆ. ಆ ಊರಿಗೆ ಹೆಸರು ತಂದ ಮೊಳಕೆಕಾಳಿನ ಪಲ್ಯ. ಓಕ್ ಮರದ ಕಾಯಿಯ ಹಿಟ್ಟಿನಿಂದ ಮಾಡಿದ, ನಮ್ಮ ಹಾಲುಬಾಯಿಯಂತೆ ಮುಟ್ಟಿದರೆ ನಡುಗುವ ಕಂದು ಬಿಲ್ಲೆ. ಸುಟ್ಟ ಮೀನು, ಸೋಯಾ ರಸದಲ್ಲಿ ನೆನೆದ ಏಡಿ, ಬಸವನಹುಳು, ಬಿಸಿ ಟೋಫು. ಮೇಜಿನ ಮೇಲೆ ಜಾಗವಿಲ್ಲದಾಗ ಬಟ್ಟಲುಗಳ ಅಂಚಿನ ಮೇಲೆ ಬಟ್ಟಲು ಕೂತವು. ನಾನು ಎಣಿಸಿದೆ: 24. ಎರಡನೇ ಕೆಟಲ್ ಹೇಳಿದರೆ ಇನ್ನಷ್ಟು ಹೊಸ ತಿನಿಸುಗಳು ಬರುತ್ತವೆ, ಅದೇ ಇಲ್ಲಿನ ವಾಡಿಕೆ ಎಂದು ಬಡಿಸುತ್ತಿದ್ದಾಕೆ ಕೈಸನ್ನೆಯಲ್ಲೇ ತಿಳಿಸಿದರು. ಇಂಥ ಅಂಗಡಿಯಾಕೆಯನ್ನು ಗಿರಾಕಿಗಳು 'ಇಮೋ' ಎಂದು ಕರೆಯುತ್ತಾರೆ. ತಾಯಿಯ ಒಡಹುಟ್ಟಿದವಳು ಎಂದರ್ಥ. ನಮ್ಮ ಚಿಕ್ಕಮ್ಮ, ದೊಡ್ಡಮ್ಮ.

ಕೊರಿಯಾದಲ್ಲಿ ಬಟ್ಟಲು ಎಣಿಸುವುದಕ್ಕೆ ಒಂದು ಪದ್ಧತಿಯೇ ಇದೆ. ಲೆಕ್ಕದ ಮಾತು 'ಚೊಪ್'. ಸಾಧಾರಣ ಮನೆಯಲ್ಲಿ 3 ಚೊಪ್, ಅನುಕೂಲವಂತರಲ್ಲಿ 5 ಅಥವಾ 7, ದೊಡ್ಡ ಮನೆತನಗಳಲ್ಲಿ 9. ಹನ್ನೆರಡು ಚೊಪ್ಪಿನ ಊಟ 1392ರಿಂದ 1910ರವರೆಗೆ ಆಳಿದ ಜೋಸನ್ ವಂಶದ ದೊರೆಗೆ ಮೀಸಲು. ಇಷ್ಟೇನಾ, ರಾಜನಿಗೂ ಹನ್ನೆರಡೇನಾ, ನನ್ನ ಮುಂದೆ 24 ಇವೆಯಲ್ಲ ಎಂದು ನನಗೂ ಅನ್ನಿಸಿತ್ತು. ಆಮೇಲೆ ತಿಳಿಯಿತು: ಅನ್ನ, ಸಾರು, ಕುದಿಸಿದ ಗೊಜ್ಜು, ಅದ್ದಿಕೊಳ್ಳುವ ರಸಗಳು ಯಾವುವೂ ಚೊಪ್ ಲೆಕ್ಕಕ್ಕೆ ಬರುವುದಿಲ್ಲ. ಕೋಸು, ಮೂಲಂಗಿಗಳನ್ನು ಉಪ್ಪು ಖಾರದಲ್ಲಿ ಹುದುಗಿಸಿದ ಕಿಮ್ಚಿಯೂ ಬರುವುದಿಲ್ಲ. ಉಸಿರಾಟವನ್ನು ಯಾರೂ ಎಣಿಸದ ಹಾಗೆ, ಇದ್ದೇ ಇರುವುದನ್ನು ಆ ಜನ ಎಣಿಸಲಿಲ್ಲ.

ಎಣಿಸದೆ ಬಿಟ್ಟ ಆ ಒಂದು ಕಿಮ್ಚಿ ಬಟ್ಟಲಿನ ಲೆಕ್ಕ ತೆಗೆದರೆ ತಲೆ ಗಿರ್ರೆನ್ನುತ್ತದೆ. ದಕ್ಷಿಣ ಕೊರಿಯಾದ ಜನಸಂಖ್ಯೆ 5 ಕೋಟಿ ಚಿಲ್ಲರೆ. ನೆಲ ನಮ್ಮ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ಅಷ್ಟು ಜನ ವರ್ಷಕ್ಕೆ ತಿನ್ನುವ ಕಿಮ್ಚಿ ಹತ್ತಿರ ಹತ್ತಿರ 20 ಲಕ್ಷ ಟನ್. ಹತ್ತು ಟನ್ ಹೊರುವ ಲಾರಿಗಳಿಗೆ ತುಂಬಿದರೆ 2 ಲಕ್ಷ ಲಾರಿ ಬೇಕು. ಒಂದೊಂದು ಲಾರಿಗೆ ಹತ್ತು ಮೀಟರ್ ಜಾಗ ಹಿಡಿದು ಸಾಲಾಗಿ ನಿಲ್ಲಿಸಿದರೆ ಆ ಸಾಲು 2,000 ಕಿಲೋಮೀಟರ್. ಬೆಂಗಳೂರಿನಿಂದ ಹೊರಟರೆ ದಿಲ್ಲಿಯ ಹತ್ತಿರಕ್ಕೆ ಹೋಗಿ ಮುಟ್ಟುತ್ತದೆ. ಒಂದು ಉಪ್ಪಿನಕಾಯಿ ಜಾತಿಯ ಪದಾರ್ಥದ ಮಾತು ಇದು! ಬಗೆಗಳೋ ಇನ್ನೂರಕ್ಕೂ ಮಿಗಿಲು: ಎಲೆಕೋಸಿನದು, ಮೂಲಂಗಿಯದು, ಸೌತೆಯದು, ಖಾರವೇ ಇಲ್ಲದ ನೀರು ಕಿಮ್ಚಿ.

ಇಷ್ಟೊಂದು ಕಿಮ್ಚಿಯನ್ನು ಮನೆಗಳಲ್ಲಿ ಹಾಕುವ ಕಾಲಕ್ಕೆ ಕಿಮ್‌ಜಾಂಗ್ ಎನ್ನುತ್ತಾರೆ. ನವೆಂಬರ್ ಕೊನೆ, ಡಿಸೆಂಬರ್ ಮೊದಲು. ಹಿಮ ಬಿದ್ದು ನೆಲ ಗಟ್ಟಿಯಾಗುವ ಮುನ್ನ. ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಇದನ್ನು 2013ರಲ್ಲಿ ದಕ್ಷಿಣ ಕೊರಿಯಾದ ಹೆಸರಿನಲ್ಲೂ 2015ರಲ್ಲಿ ಉತ್ತರ ಕೊರಿಯಾದ ಹೆಸರಿನಲ್ಲೂ ಸೇರಿಸಿತು. ದೇಶ ಎರಡಾಗಿದೆ, ಕಿಮ್ಚಿಯ ಕಾಲ ಒಂದೇ. ಈ ಕಾಲಕ್ಕೆ ನೌಕರರಿಗೆ ಕಿಮ್‌ಜಾಂಗ್ ಬೋನಸ್ ಕೊಡುವ ರೂಢಿಯೂ ಇತ್ತು.

ಕೋಸನ್ನು ಎಣಿಸುವ ಮಾತು 'ಜೊಪ್'. ಒಂದು ಜೊಪ್ ಎಂದರೆ ನೂರು. ನಾವು ವೀಳ್ಯದೆಲೆಯನ್ನು ಕವಳಿಗೆ ಲೆಕ್ಕದಲ್ಲಿ ಕೇಳುವ ಹಾಗೆ ಅಲ್ಲಿ ಒಂದೊಂದು ಪದಾರ್ಥಕ್ಕೆ ಒಂದೊಂದು ಲೆಕ್ಕದ ಹೆಸರು: ಬಂಗುಡೆಗೆ 'ಸೋನ್' ಎಂದರೆ ಎರಡು, ಒಣಮೀನಿಗೆ 'ಕ್ವೇ' ಎಂದರೆ ಇಪ್ಪತ್ತು, ಕಡಲಪಾಚಿಯ ಹಾಳೆಗೆ 'ತೋತ್' ಎಂದರೆ ನೂರು. ಕೂಡುಕುಟುಂಬದ ದಿನಗಳಲ್ಲಿ ಒಂದು ಮನೆಗೆ ಒಂದು ಜೊಪ್ ಕೋಸು ಇಳಿಸುವುದು ದೊಡ್ಡ ಮಾತಾಗಿರಲಿಲ್ಲ. ಒಂದು ಕೋಸು ಮೂರು ಕಿಲೋ ತೂಗಿದರೆ ಒಂದೇ ಮನೆಯ ಅಂಗಳದಲ್ಲಿ ಮುನ್ನೂರು ಕಿಲೋ. ಅಷ್ಟನ್ನೂ ಸೀಳಿ, ಎಲೆ ಎಲೆಯ ನಡುವೆ ಉಪ್ಪು ಉದುರಿಸಿ, ರಾತ್ರಿಯಿಡೀ ನೆನೆಸಿ, ಬೆಳಗಿನ ಕೊರೆಯುವ ನೀರಿನಲ್ಲಿ ಮೂರು ಸಲ ತೊಳೆಯಬೇಕು. ಒಂದು ಮನೆಯ ಕೈಗಳಿಗೆ ಅದು ಆಗದ ಕೆಲಸ. ಹಾಗಾಗಿ ನೆರೆಹೊರೆ ಸೇರುತ್ತದೆ. ಇವತ್ತು ನಿಮ್ಮ ಅಂಗಳ, ನಾಳೆ ನಮ್ಮದು. ನಮ್ಮ ಹಳ್ಳಿಗಳ ಮುಯ್ಯಾಳು ಇದೇ ಅಲ್ಲವೇ?

ಜೊಂಜುವಿನ ಒಂದು ಓಣಿಯಲ್ಲಿ ನಾನು ಆ ಕೆಲಸವನ್ನು ನಿಂತು ನೋಡಿದೆ. ಮಗುವನ್ನು ಮೀಯಿಸುವಷ್ಟು ಅಗಲದ ಪ್ಲಾಸ್ಟಿಕ್ ತೊಟ್ಟಿಯ ಸುತ್ತ ಆರು ಹೆಂಗಸರು, ಮೊಣಕೈವರೆಗೆ ರಬ್ಬರ್ ಕೈಗವಸು. ತೊಟ್ಟಿಯಲ್ಲಿ ಮೂಲಂಗಿ ಎಳೆ, ಬೆಳ್ಳುಳ್ಳಿ, ಶುಂಠಿ, ಉಪ್ಪು ಹಾಕಿ ಹುದುಗಿಸಿದ ಸೀಗಡಿ, ಮೇಲೆ ಕೆಂಪು ಮೆಣಸಿನ ತರಿ. ಆ ತರಿಯ ಬಣ್ಣ ನೋಡಿ ನನಗೆ ಬ್ಯಾಡಗಿ ನೆನಪಾಯಿತು: ಅದೇ ಕಡುಗೆಂಪು, ಅದೇ ಬಣ್ಣ ಜಾಸ್ತಿ ಖಾರ ಕಡಿಮೆ. ಮೆಣಸಿನಕಾಯಿ ನಮ್ಮದೂ ಅಲ್ಲ, ಅವರದೂ ಅಲ್ಲ. ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದದ್ದು. ಎರಡೂ ಕಡೆ ಅದರ ವಯಸ್ಸು ಹೆಚ್ಚುಕಡಿಮೆ ನಾನ್ನೂರರಿಂದ ಐನೂರು ವರ್ಷ. ನಾನು ನೋಡುತ್ತಲೇ ಇದ್ದುದನ್ನು ಕಂಡು ಹಿರಿಯಾಕೆಯೊಬ್ಬರು ಕೋಸಿನ ಎಳೆಯ ಹಳದಿ ಎಲೆ ಹರಿದು, ಮಸಾಲೆ ಸುತ್ತಿ, ನನ್ನ ಬಾಯಿಗೇ ಇಟ್ಟರು. ಭಾಷೆ ಬಾರದ ನಾಡಿನಲ್ಲಿ ಕೈತುತ್ತು ಸಿಕ್ಕಿತು. ಉಪ್ಪು, ಖಾರ, ಹಸಿ ಬೆಳ್ಳುಳ್ಳಿಯ ಘಾಟು, ಅದರಡಿಯಲ್ಲಿ ಕೋಸಿನ ಸಿಹಿ. ಹುಳಿ ಮಾತ್ರ ಇನ್ನೂ ಹುಟ್ಟಿರಲಿಲ್ಲ.

(ಸೀಗಡಿ ಎಂದು ಹಿಂಜರಿಯುವವರು ಬೌದ್ಧ ಮಠಗಳ ಕಿಮ್ಚಿ ಕೇಳಬೇಕು. ಅದರಲ್ಲಿ ಮೀನಿನ ಸೋಂಕಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಸನ್ಯಾಸಿಗಳಿಗೆ ವರ್ಜ್ಯವಾದ ಐದು ಘಾಟುಗಳಲ್ಲಿ ಐದನೆಯದು ಕೊರಿಯಾದಲ್ಲಿ ಬೆಳೆಯುವುದೇ ಇಲ್ಲ. ಅದು ನಮ್ಮ ಅಡುಗೆಮನೆಯ ಇಂಗು.)

ಹೊಸ ಕಿಮ್ಚಿಯಲ್ಲಿ ಇಲ್ಲದ ಆ ಹುಳಿ ಆಮೇಲೆ ಹುಟ್ಟುವುದು ಹೇಗೆಂಬುದು ನನಗೆ ಲಾರಿಗಳ ಸಾಲಿಗಿಂತ ದೊಡ್ಡ ಬೆರಗು. ಹೊಸದಾಗಿ ಹಾಕಿದ ಒಂದು ಗ್ರಾಂ ಕಿಮ್ಚಿಯಲ್ಲಿ ಹಾಲು ಹೆಪ್ಪಾಗಿಸುವ ಕುಲದ ಸೂಕ್ಷ್ಮಜೀವಿಗಳು ಹತ್ತು ಸಾವಿರ ಇವೆ ಎಂದಿಟ್ಟುಕೊಳ್ಳಿ. ಅವು ದುಪ್ಪಟ್ಟಾಗುತ್ತವೆ. ಮತ್ತೆ ದುಪ್ಪಟ್ಟು. ಹದಿನಾಲ್ಕು ಸಲ ದುಪ್ಪಟ್ಟಾದರೆ ಹದಿನಾರು ಕೋಟಿ. ಹದವಾಗಿ ಕಳಿತ ಕಿಮ್ಚಿಯ ಪ್ರತಿ ಗ್ರಾಂನಲ್ಲಿ ನಿಜಕ್ಕೂ ಹತ್ತು ಕೋಟಿ ಅಥವಾ ಅದಕ್ಕೂ ಹೆಚ್ಚು ಜೀವಿಗಳಿರುತ್ತವೆ. ಅಂದರೆ ಹದಿನಾಲ್ಕು ಗ್ರಾಂನ ಒಂದು ತುತ್ತಿನಲ್ಲಿ ನೂರನಲವತ್ತು ಕೋಟಿ. ಭಾರತದ ಅಷ್ಟೂ ಜನರ ಲೆಕ್ಕ ಎರಡು ಚಾಪ್‌ಸ್ಟಿಕ್‌ಗಳ ತುದಿಯಲ್ಲಿ!

ಆ ಸೂಕ್ಷ್ಮಜೀವಿಗಳ ಕಸುವನ್ನು ವಿಜ್ಞಾನಿಗಳೂ ಲಘುವಾಗಿ ನೋಡಲಿಲ್ಲ. 2008ರ ಏಪ್ರಿಲಿನಲ್ಲಿ ಕೊರಿಯಾದ ಮೊದಲ ಗಗನಯಾತ್ರಿ ಯೀ ಸೊ-ಯೊನ್ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಾಗ ಜೊತೆಗೆ ಕಿಮ್ಚಿಯೂ ಹೋಯಿತು. ಅದಕ್ಕೂ ಮುನ್ನ ವಿಕಿರಣ ಹಾಯಿಸಿ ಅದರೊಳಗಿನ ಅಷ್ಟೂ ಜೀವಿಗಳನ್ನು ಕೊಲ್ಲಬೇಕಾಯಿತು. ಹುದುಗುವಾಗ ಏಳುವ ಗಾಳಿಯ ಒತ್ತಡಕ್ಕೆ ಪೊಟ್ಟಣ ಮೇಲೆ ಒಡೆದರೆ ಎಂಬ ಅಂಜಿಕೆ. ನೆಲದ ಮೇಲಿನ ಮನೆಗಳಲ್ಲಿ ಹಾಗೆ ಕೊಲ್ಲುವುದಿಲ್ಲ, ತಣ್ಣಗಿಟ್ಟು ನಿಧಾನಿಸುತ್ತಾರೆ. ಹಿಂದೆ ಮಣ್ಣಿನ ಜಾಡಿಯನ್ನು ಕುತ್ತಿಗೆಯವರೆಗೆ ನೆಲದಲ್ಲಿ ಹೂಳುತ್ತಿದ್ದರು. ಅಪಾರ್ಟ್‌ಮೆಂಟಿನಲ್ಲಿ ಹೂಳಲು ನೆಲವೆಲ್ಲಿ? 1995ರಲ್ಲಿ ದಿಮ್ಚೆ ಎಂಬ ಹೆಸರಿನ ಕಿಮ್ಚಿ ಫ್ರಿಜ್ ಮಾರುಕಟ್ಟೆಗೆ ಬಂತು. ಹೂತ ಜಾಡಿಯ ಚಳಿಯನ್ನೇ ಹಿಡಿದಿಡುವ ಪೆಟ್ಟಿಗೆ. ಈಗ ಅಲ್ಲಿನ ಮನೆಗಳಲ್ಲಿ ಅಡುಗೆ ಸಾಮಾನಿಗೊಂದು, ಕಿಮ್ಚಿಗೊಂದು ಎಂದು ಎರಡು ಫ್ರಿಜ್ ಇಡುವುದು ತೀರ ಸಹಜ.

ಕಿಮ್ಚಿಯ ಕಾಲ ತಿಂಗಳುಗಳದ್ದು. ಸೋಯಾ ರಸದ್ದು ತಲೆಮಾರುಗಳದ್ದು. ಸೋಯಾಕಾಳು ಬೇಯಿಸಿ ಕುಟ್ಟಿ ಇಟ್ಟಿಗೆಯಾಕಾರದ ಮುದ್ದೆ ಕಟ್ಟುತ್ತಾರೆ, ಭತ್ತದ ಹುಲ್ಲಿನ ಹಗ್ಗದಲ್ಲಿ ನೇತುಹಾಕುತ್ತಾರೆ. ಹುಲ್ಲಿನಲ್ಲಿರುವ ಜೀವಿಗಳೇ ಅದಕ್ಕೆ ಹೆಪ್ಪು. ಆಮೇಲೆ ಉಪ್ಪುನೀರು. ಅದರ ಹದ ನೋಡಲು ಹಸಿ ಮೊಟ್ಟೆಯೊಂದನ್ನು ತೇಲಿಬಿಡುತ್ತಾರೆ. ನೀರಿನ ಮೇಲೆ ಮೊಟ್ಟೆಯ ನೆತ್ತಿ 500 ವೋನ್ ನಾಣ್ಯದಷ್ಟು ಅಗಲ ಕಂಡರೆ ಉಪ್ಪು ಸರಿ. ಹೀಗೆ ಆದ ರಸದಲ್ಲಿ ಒಳ್ಳೆಯದನ್ನು 'ಸ್ಸಿಗಾಂಜಾಂಗ್', ಬೀಜದ ರಸ, ಎಂದು ಕಾದಿಡುತ್ತಾರೆ. ಪ್ರತಿ ವರ್ಷ ಹೊಸ ರಸ ಸೇರಿಸುತ್ತಾ ಹೋಗುತ್ತಾರೆ. ನಿನ್ನೆಯ ಮೊಸರಿನಿಂದ ಇವತ್ತಿನ ಹಾಲಿಗೆ ಹೆಪ್ಪು ಹಾಕುವ ನಮ್ಮ ಅಮ್ಮಂದಿರ ಕೆಲಸವೇ ಇದು. ಆದರೆ ಜಾಡಿ ಬರಿದಾಗಲು ಬಿಡದ ಹಟ ಬೇರೆ. ದಾಮ್ಯಾಂಗ್ ಊರಿನ ಕೀ ಸೂನ್-ದೋ ಅವರ ಮನೆತನದ ಜಾಡಿ ಹಾಗೆ ಮುನ್ನೂರರವತ್ತು ವರ್ಷ ದಾಟಿ ಬಂದಿದೆ. 2017ರಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಸೋಲ್‌ಗೆ ಬಂದಾಗ ಔತಣದ ಮಾಂಸಕ್ಕೆ ಆ ರಸವನ್ನು ಹಾಕಿದ್ದರು. 1776ರಲ್ಲಿ ಅವರ ದೇಶ ಹುಟ್ಟುವ ಹೊತ್ತಿಗೆ ಈ ಜಾಡಿಗೆ ನೂರು ವರ್ಷ ಕಳೆದಾಗಿತ್ತು. ಯುದ್ಧ, ಬರ, ಪರರ ಆಳ್ವಿಕೆ ಎಲ್ಲದರ ನಡುವೆ ಯಾರೋ ಒಬ್ಬಾಕೆ ಪ್ರತಿ ವರ್ಷ ಮುಚ್ಚಳ ತೆಗೆದು ತುಂಬಿಸಿದ್ದಾಳೆ. ಒಂದು ವರ್ಷ ಮರೆತಿದ್ದರೂ ಮುಗಿಯುತ್ತಿತ್ತು ಎನಿಸಿ ನನಗೆ ಎದೆ ಝಲ್ಲೆಂದಿತು.

ಕುಡಿಯುವುದರ ಲೆಕ್ಕ ಇನ್ನೊಂದು ದಿಕ್ಕಿನದು. ಹಸಿರು ಬಾಟಲಿಯ ಸೋಜು ಎಂಬ ಮದ್ಯ ಎಲ್ಲ ಮೇಜಿನ ಮೇಲೂ ಇರುತ್ತದೆ. 1924ರಲ್ಲಿ ಶುರುವಾದ ಜಿನ್ರೊ ಎಂಬ ಒಂದೇ ಬ್ರ್ಯಾಂಡ್ 2022ರಲ್ಲಿ ಮಾರಾಟದಲ್ಲಿ 10 ಕೋಟಿ ಪೆಟ್ಟಿಗೆ ದಾಟಿತು. ಪೆಟ್ಟಿಗೆಗೆ 9 ಲೀಟರ್. 360 ಮಿಲಿಲೀಟರಿನ ಬಾಟಲಿಗೆ ಇಳಿಸಿದರೆ 250 ಕೋಟಿ ಬಾಟಲಿ, ಹಗಲಿರುಳು ಸೆಕೆಂಡಿಗೆ ಎಂಬತ್ತರ ಹತ್ತಿರ. ಒಂದೊಂದು ಬಾಟಲಿ 20 ಸೆಂಟಿಮೀಟರಿಗಿಂತ ತುಸು ಎತ್ತರ; ಉದ್ದಕ್ಕೆ ಜೋಡಿಸಿದರೆ ಸಾಲು ಚಂದ್ರನನ್ನೂ ದಾಟಿ ಮುಂದೆ ಹೋಗುತ್ತದೆ. ಬಾಟಲಿಗೆ ಏಳು ಪುಟ್ಟ ಲೋಟ. ಇಬ್ಬರಿಗೂ ಸಮ ಬಾರದು, ಮೂವರಿಗೂ ಬಾರದು; ಹಾಗಾಗಿಯೇ ಇನ್ನೊಂದು ಬಾಟಲಿ ಎಂದು ಅಲ್ಲಿನವರು ಹೇಳುತ್ತಾರೆ.

ನನ್ನ ಮನಸ್ಸು ಮಾತ್ರ ಮಾಕ್ಕೊಲ್ಲಿಯ ಕಡೆಗೇ. ಬೇಯಿಸಿದ ಅಕ್ಕಿ, ನೀರು, ಗೋಧಿಯ ಬಿಲ್ಲೆಗೆ ಬೂಷ್ಟು ಹಿಡಿಸಿದ 'ನುರುಕ್', ಮೂರೇ ಸಾಮಾನು. ಒಂದು ಕಾಲಕ್ಕೆ ಮನೆಮನೆಯಲ್ಲೂ ಮಾಡುತ್ತಿದ್ದರು, ಮನೆಗೊಂದು ರುಚಿ. ಜಪಾನಿನ ಹಿಡಿತದಲ್ಲಿ 1909ರಲ್ಲಿ ತೆರಿಗೆಯ ಕಾನೂನು ಬಂತು. 1934ರ ಹೊತ್ತಿಗೆ ಮನೆಯಲ್ಲಿ ಮಾಡುವುದೇ ಅಪರಾಧ. ಸ್ವಾತಂತ್ರ್ಯ ಬಂದ ಮೇಲೂ ನೆಮ್ಮದಿಯಾಗಲಿಲ್ಲ. ಅನ್ನಕ್ಕೇ ಅಕ್ಕಿ ಸಾಲದ 1965ರಲ್ಲಿ ಸರ್ಕಾರ ಮದ್ಯಕ್ಕೆ ಅಕ್ಕಿ ಬಳಸಬಾರದೆಂದಿತು. ಮನೆಬಳಕೆಗೆ ಮಾಡಿಕೊಳ್ಳಲು ಮತ್ತೆ ಅಪ್ಪಣೆ ಸಿಕ್ಕಿದ್ದು 1995ರಲ್ಲಿ. ಅರವತ್ತು ವರ್ಷ. ಅಷ್ಟರಲ್ಲಿ ಎಷ್ಟು ಅಜ್ಜಿಯರ ಕೈರುಚಿ ಅವರೊಡನೆಯೇ ಹೋಯಿತೋ, ಈ ಇಡೀ ಕಥೆಯಲ್ಲಿ ನನಗೆ ಸಂಕಟ ತರುವ ಲೆಕ್ಕ ಅದೊಂದೇ. 2021ರಲ್ಲಿ ಮಾಕ್ಕೊಲ್ಲಿ ಮಾಡುವ ಕಲೆಯನ್ನು ಕೊರಿಯಾ ರಾಷ್ಟ್ರೀಯ ಪರಂಪರೆ ಎಂದು ಸಾರಿತು.

ಸಾಮ್‌ಚೊನ್-ದೋಂಗ್‌ನ ಆ ಮೇಜಿನಲ್ಲಿ ಎರಡನೇ ಕೆಟಲೂ ಬಂತು, ಬಟ್ಟಲುಗಳು 31 ಆದವು. ಕಿಮ್ಚಿಯ ತಟ್ಟೆ ಬರಿದಾದದ್ದನ್ನು ನಾವು ಗಮನಿಸುವ ಮೊದಲೇ ಇಮೋ ಗಮನಿಸಿ, ಕತ್ತರಿ ಹಿಡಿದು ಬಂದು, ಇನ್ನೊಂದು ಕಿಮ್ಚಿ ಕೋಸನ್ನು ನಮ್ಮೆದುರೇ ಕತ್ತರಿಸಿಟ್ಟರು. ಇದು ಕಳೆದ ವರ್ಷದ್ದು. ಹುಳಿ ಮೂಗಿಗೇರುವಷ್ಟು, ನಾಲಗೆ ಚುರುಗುಟ್ಟುವಷ್ಟು. ಏಳುವಾಗ ಚೀಟಿ ಕೊಟ್ಟರು. ಅದರಲ್ಲಿ ಇದ್ದದ್ದು ಒಂದೇ ಸಾಲು: ಕೆಟಲ್, 2.